ಹಳೆಯ ಗೇಮ್ ಕ್ಯಾಸೆಟ್ಟುಗಳ ಗುರುತು

ಹಳೆಯ ನಾಣ್ಯವೊಂದನ್ನು ಕೈಗೆ ಕೊಟ್ಟರೆ ಬಲ್ಲವರು ಅದರ ಅಂಚನ್ನೂ ತೂಕವನ್ನೂ ನೋಡುತ್ತಾರೆ. ಪುಸ್ತಕವಾದರೆ ಎಷ್ಟನೆಯ ಮುದ್ರಣವೆಂದು ಒಳಪುಟ ತಿರುವುತ್ತಾರೆ. ವೀಡಿಯೋ ಗೇಮಿನ ಕಾರ್ಟ್ರಿಜ್‌ಗಳನ್ನು, ಎಂದರೆ ನಮ್ಮ ಮಕ್ಕಳು ‘ಕ್ಯಾಸೆಟ್’ ಎನ್ನುತ್ತಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನು, ಕೂಡಿಡುವವರೂ ಈಗ ಇದೇ ಬಗೆಯ ಪರೀಕ್ಷೆ ನಡೆಸುತ್ತಾರೆ. ಇದು ಹುಡುಗಾಟವೆಂದು ನಕ್ಕುಬಿಡಬೇಡಿ. 2021ರ ಜುಲೈ ತಿಂಗಳಲ್ಲಿ ಅಮೆರಿಕದ ಹರಾಜೊಂದರಲ್ಲಿ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಆಟದ ಒಂದು ಪ್ರತಿ 8,70,000 ಡಾಲರಿಗೆ ಮಾರಾಟವಾಯಿತು. ಅದು ಮೊದಮೊದಲು ತಯಾರಾದ, ಹೊದಿಕೆ ಒಡೆಯದ ಪ್ರತಿ. ಅದೇ ಆಟದ ಬಳಸಿದ ಸಾಮಾನ್ಯ ಪ್ರತಿ ನೂರು ಡಾಲರಿಗೂ ಕಡಿಮೆಗೆ ಸಿಗುತ್ತದೆ.

ಹಾಗಾದರೆ ಗುರುತಿಸುವ ಬಗೆ ಹೇಗೆ? 1985ರಲ್ಲಿ ಅಮೆರಿಕದ ಪೇಟೆಗೆ ಬಂದ ನಿಂಟೆಂಡೋ ಎನ್.ಇ.ಎಸ್. ಯಂತ್ರದ ಕಾರ್ಟ್ರಿಜ್‌ಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ಡಬ್ಬಿಯ ಬೆನ್ನು ತಿರುಗಿಸಿ ಸ್ಕ್ರೂಗಳನ್ನು ಎಣಿಸಿರಿ. ಆರಂಭದ ಡಬ್ಬಿಗಳಿಗೆ ಐದು. ಮುಂದೆ ಮೇಲಿನ ಎರಡನ್ನು ಬಿಟ್ಟು, ಅಲ್ಲಿ ಪ್ಲಾಸ್ಟಿಕ್ ಕೊಂಡಿಯಿಟ್ಟು, ಮೂರಕ್ಕೆ ಇಳಿಸಿದರು. ಹೊರಗಿನ ರಟ್ಟಿನ ಪೆಟ್ಟಿಗೆ ಇದ್ದರೆ ಕಂಪನಿಯ ಮುದ್ರೆಯನ್ನು ನೋಡಿರಿ: ಮೊದಲು ದುಂಡಗಿದ್ದ ಮುದ್ರೆ ಬಳಿಕ ಮೊಟ್ಟೆಯಾಕಾರ ತಾಳಿತು. ಲೇಬಲ್ಲಿನ ಮೇಲಿನ ಇಸವಿಗೆ ಮಾತ್ರ ಮರುಳಾಗಬೇಡಿ. ಅದು ಹಕ್ಕುಸ್ವಾಮ್ಯದ ವರ್ಷ. ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ತಡವಾಗಿ ತಯಾರಾದ ಪ್ರತಿಯಲ್ಲೂ 1985 ಎಂದೇ ಇರುತ್ತದೆ.

ಬಣ್ಣವೂ ಮೋಸಮಾಡುತ್ತದೆ. 1987ರಲ್ಲಿ ಜೆಲ್ಡಾ ಚಿನ್ನದ ಬಣ್ಣದ ಡಬ್ಬಿಯಲ್ಲಿ ಬಂತು. ಮರುಬಿಡುಗಡೆಯಾದಾಗ ಡಬ್ಬಿ ಬೂದುಬಣ್ಣದ್ದಾಯಿತು. ಥಳಥಳಿಸುವುದೇ ಅಪರೂಪವೆಂದು ಹೊಸಬರು ಭಾವಿಸುತ್ತಾರೆ. ನಿಜಕ್ಕೂ ಕಡಿಮೆ ಸಿಗುವುದು ಬೂದುಬಣ್ಣದ್ದು. ಕೆಲವೊಮ್ಮೆ ಆಟವೇ ಬದಲಾಗಿರುತ್ತದೆ. 1987ರ ‘ಪಂಚ್ ಔಟ್’ ಆಟದಲ್ಲಿ ಕೊನೆಯ ಎದುರಾಳಿ ಮುಷ್ಟಿಕಾಳಗದ ಮೈಕ್ ಟೈಸನ್. ಅವರೊಂದಿಗಿನ ಒಪ್ಪಂದ ಮುಗಿದ ಬಳಿಕ, 1990ರ ಪ್ರತಿಯಲ್ಲಿ ಆ ಜಾಗಕ್ಕೆ ‘ಮಿಸ್ಟರ್ ಡ್ರೀಮ್’ ಎಂಬ ಕಲ್ಪಿತ ಮಲ್ಲ ಬಂದ.

ಲೇಬಲನ್ನು ಹೊಸದಾಗಿ ಅಚ್ಚುಮಾಡಿ ಅಂಟಿಸಬಹುದು. ಒಂದರ ಡಬ್ಬಿಗೆ ಇನ್ನೊಂದರ ಒಡಲನ್ನು ತುಂಬಬಹುದು. ಆದುದರಿಂದ ಸಂಶಯ ಬಂದಾಗ ಒಳಗಿನ ಚಿಪ್ಪುಗಳನ್ನೇ ಕೇಳಬೇಕು. ಅವುಗಳ ಮೇಲೆ ಸಾಮಾನ್ಯವಾಗಿ ವರ್ಷ, ವಾರ ಸೇರಿದ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 8643 ಎಂದಿದ್ದರೆ 1986ರ 43ನೆಯ ವಾರ. ಅಂಥ ಚಿಪ್ಪಿರುವ ಪ್ರತಿಯನ್ನು ‘1985ರ ಮೊದಲ ತಯಾರಿಕೆ’ ಎಂದು ಮಾರಲು ಬಂದರೆ ಆ ಮಾತು ನಿಲ್ಲದು. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಹೇಳುವುದುಂಟೇ? ಸ್ಕ್ರೂ, ಲೇಬಲ್, ಚಿಪ್ಪು ಮೂರೂ ಒಂದೇ ಕಥೆಯನ್ನು ಹೇಳಬೇಕು.

ಇನ್ನು ನಿಮ್ಮ ಅಟ್ಟದ ಮೇಲಿನ ಡಬ್ಬಿಗಳ ಮಾತು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಸಿಕ್ಕಿದವು ಬಹುಮಟ್ಟಿಗೆ ಜಪಾನಿನ 1983ರ ಫ್ಯಾಮಿಕಾಮ್ ಯಂತ್ರದ ನಕಲುಗಳಿಗೆ ಹೊಂದುವಂಥವು. ಅವಕ್ಕೆ 60 ಪಿನ್ನುಗಳು, ಅಮೆರಿಕದವಕ್ಕೆ 72. ನೂರಾರು ಆಟಗಳ ಹೆಸರು ಹೊತ್ತ ಆ ಹಳದಿ ಡಬ್ಬಿಗಳಿಂದ ಲಕ್ಷಗಳು ಬಾರವು. ಆದರೂ ಗುಜರಿಗೆ ಹಾಕುವ ಮೊದಲು ಒಮ್ಮೆ ಧೂಳೊರಸಿ, ಲೇಬಲ್ ಕೀಳದೆ, ಬೆನ್ನು ತಿರುಗಿಸಿ ನೋಡಿರಿ. ಕೊಳ್ಳುವುದಾದರೆ ಒಳಹಲಗೆಯ ಚಿತ್ರವನ್ನು ಕೇಳಿಯೇ ಹಣ ಕೊಡಿರಿ. ಬೆಳ್ಳಗಿರುವುದೆಲ್ಲ ಹಾಲಲ್ಲ.