ಜಗಲಿಯ ಮೇಲಿನ ಕಟ್ಟು ಬಿಚ್ಚೋಣ
(ಕಕ್ಕೇರಾದಲ್ಲಿ ಶ್ರಾವಣ ಮಾಸದಲ್ಲಿ ಮಾಡಿದ ಉಪನ್ಯಾಸ)

 

ಅಮೆರಿಕದ ವಾಲ್ಟರ್ ಮಿಲ್ಲರ್ ಅವರ ಕಾದಂಬರಿಯೊಂದು 1959ರಲ್ಲಿ ಪ್ರಕಟವಾಯಿತು. ಹೆಸರು ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’. ಅಣುಯುದ್ಧದಲ್ಲಿ ಲೋಕ ಸುಟ್ಟುಹೋಗಿದೆ. ಇದಕ್ಕೆಲ್ಲ ವಿದ್ಯೆಯೇ ಕಾರಣವೆಂದು ಸಿಟ್ಟಿಗೆದ್ದ ಜನ ಪಂಡಿತರನ್ನು ಕೊಂದು ಪುಸ್ತಕ ಸುಡುತ್ತಾರೆ. ಮರುಭೂಮಿಯ ಮಠವೊಂದರ ಸನ್ಯಾಸಿಗಳು ಅಳಿದುಳಿದ ಕಾಗದಗಳನ್ನು ಕಾಯುತ್ತಾರೆ. ಎಷ್ಟೋ ಶತಮಾನಗಳ ಮೇಲೆ ಒಬ್ಬ ಕಿರಿಯ ಸನ್ಯಾಸಿಗೆ ಹಳೆಯ ನೆಲಮಾಳಿಗೆಯಲ್ಲಿ ಒಂದು ವಿದ್ಯುತ್ ನಕ್ಷೆ, ಒಂದು ಸಂತೆಚೀಟಿ ಸಿಗುತ್ತವೆ. ಎರಡೂ ಪವಿತ್ರವಾಗುತ್ತವೆ. ನಕ್ಷೆಯನ್ನು ಬಂಗಾರದ ಬಣ್ಣದಲ್ಲಿ ಪ್ರತಿ ಮಾಡಲು ಅವನು ಹದಿನೈದು ವರ್ಷ ದುಡಿಯುತ್ತಾನೆ. ಅದು ಏನು ಹೇಳುತ್ತದೆ ಎಂಬುದು ಮಾತ್ರ ಅವನಿಗೆ ತಿಳಿಯದು.

ಮಿಲ್ಲರ್ ಕಲ್ಪಿಸಿ ಬರೆದದ್ದನ್ನು ನಮ್ಮ ಹಿರಿಯರು ಕಂಡುಂಡಿದ್ದಾರೆ. 12ನೆಯ ಶತಮಾನದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಬೆನ್ನಿಗೇ ಕಲ್ಯಾಣದಲ್ಲಿ ರಕ್ತ ಹರಿಯಿತು. ಚನ್ನಬಸವಣ್ಣನವರು ಸಂಗಡಿಗರೊಡನೆ ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯ ಕಾಡು ಸೇರಿದರೆಂದು ಪರಂಪರೆ ಹೇಳುತ್ತದೆ. 15ನೆಯ ಶತಮಾನದಲ್ಲಿ ವಿರಕ್ತರು ಚದುರಿದ್ದನ್ನು ಕೂಡಿಸಿದರು; ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆ ರಚಿಸಿದರು. ಆಮೇಲೆ ಓಲೆಗರಿಗಳು ಜಗಲಿ ಏರಿದವು. ವಿಭೂತಿ ಹಚ್ಚಿದೆವು, ಹೂವು ಏರಿಸಿದೆವು. ಬಿಚ್ಚಿ ಓದುವವರು ಕಡಿಮೆಯಾದರು.

ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಓಲೆಗಳಲ್ಲಿ ಇದ್ದುದಾದರೂ ಏನು? ಮಾದಾರ ಚನ್ನಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆಯರ ಮಾತು. ಯಾರ ಕುಲದವರನ್ನು ಜಗಲಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲವೋ ಅವರ ಮಾತಿಗೇ ನಾವು ಜಗಲಿಯ ಮೇಲೆ ಪೂಜೆ ಮಾಡುತ್ತಿದ್ದೆವು! ಓದಿದ್ದರೆ ಹಾಗೆ ನಡೆಯಲು ಸಾಧ್ಯವಿತ್ತೇ?

ನಮ್ಮ ಸೀಮೆಯ ಕೊಡೇಕಲ್ಲನ್ನೇ ನೋಡಿ. ಕೊಡೇಕಲ್ ಬಸವಣ್ಣನವರ ಪರಂಪರೆಯ ಕಾಲಜ್ಞಾನದ ಓಲೆಗಳು ಬರುವ ಕೇಡುಗಾಲವನ್ನೂ ಅದರಾಚೆಯ ಕಾಲವನ್ನೂ ಹೇಳುತ್ತವೆ. ಅವುಗಳ ಲಿಪಿ ಅಮರಗನ್ನಡ. ನಾವು ಶಾಲೆಯಲ್ಲಿ ಕಲಿತ ಕನ್ನಡದಿಂದ ಅವನ್ನು ಓದಲು ಬರುವುದಿಲ್ಲ. ಆ ಲಿಪಿ ಬಲ್ಲ ಹಿರಿಯರಿಂದ ನಾಲ್ಕು ಹುಡುಗರು, ನಾಲ್ಕು ಹುಡುಗಿಯರು ಕಲಿಯದಿದ್ದರೆ ಮುಂದೆ ಅದು ಕಣ್ಣಿಗೊತ್ತಿಕೊಳ್ಳುವ ಚಿತ್ತಾರವಷ್ಟೇ ಆದೀತು.

ಓದಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಆ ಕಾದಂಬರಿಯ ಕೊನೆಗೆ ವಿದ್ಯೆ ಮರಳಿ ಬರುತ್ತದೆ, ಅದರ ಹಿಂದೆಯೇ ಅಣುಬಾಂಬೂ ಬರುತ್ತದೆ. ಆಚಾರವಿಲ್ಲದ ಅರಿವು ಊರನ್ನೇ ಸುಟ್ಟೀತು. ಆದರೆ ಅರಿವೇ ಇಲ್ಲದೆ ಆಚಾರ ಎಲ್ಲಿಂದ ಬಂದೀತು?

ಆದ್ದರಿಂದ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿ ಓಲೆಕಟ್ಟು ಇದ್ದರೆ ಹೊಳೆಗೆ ಬಿಡಬೇಡಿ, ಗೆದ್ದಲಿಗೆ ಕೊಡಬೇಡಿ. ಬಲ್ಲವರಿಗೆ ತೋರಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಅಚ್ಚಾದ ವಚನದ ಪುಸ್ತಕವಿದ್ದರೆ ದಿನಕ್ಕೊಂದು ವಚನ ಮಕ್ಕಳಿಂದ ಓದಿಸಿ, ಅರ್ಥ ಕೇಳಿ. ಅವರು ತಿರುಗಿ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ.