ಎರಡು ಮನೆಗೆ ಒಂದೇ ಗೋಡೆ

ಮಕ್ಕಳೇ, ತೊಂಡೇಬಾವಿಯಲ್ಲಿ ರೈಲು ಹತ್ತಿ ಗೌರಿಬಿದನೂರಿಗೋ ಬೆಂಗಳೂರಿಗೋ ಹೋದಾಗ ಪೇಟೆಯ ಹಳೇ ಬೀದಿಗಳನ್ನು ಸ್ವಲ್ಪ ನೋಡಿ. ಮನೆಗಳು ಸಾಲಾಗಿ ಅಂಟಿಕೊಂಡಿರುತ್ತವೆ, ನಡುವೆ ಸಂದಿಯೇ ಇರುವುದಿಲ್ಲ. ಒಂದೇ ಗೋಡೆಯ ಆ ಕಡೆ ಒಬ್ಬರ ಪಡಸಾಲೆ, ಈ ಕಡೆ ಇನ್ನೊಬ್ಬರ ಅಡುಗೆಮನೆ. ಬೆಂಗಳೂರಿನ ವಠಾರಗಳೂ ಹೀಗೆಯೇ. ಪಕ್ಕದ ಮನೆಯ ಒಗ್ಗರಣೆ ಘಾಟು ಪುಕ್ಕಟೆ!

ಜಾಗ, ಇಟ್ಟಿಗೆ ಎರಡೂ ಉಳಿಯಲಿ ಎಂದು ಹೀಗೆ ಕಟ್ಟಿದರು, ನಿಜ. ಜೊತೆಗೆ ಬಿಸಿಲಿನ ಲೆಕ್ಕವೂ ಉಂಟು. ಒಂಟಿ ಮನೆಯ ನಾಲ್ಕು ಗೋಡೆಯೂ ಹೊರಗಿನ ಗಾಳಿ ಬಿಸಿಲಿಗೆ ಮೈಯೊಡ್ಡಿರುತ್ತವೆ. ಸಾಲಿನ ನಡುವಿನ ಮನೆಗೆ ಮುಂದಿನದು, ಹಿಂದಿನದು ಎರಡೇ. ತುದಿಯ ಮನೆಗೆ ಮೂರು. ಅದು ಪಡುವಣ ತುದಿಯಾದರೆ ಏಪ್ರಿಲ್ ಸಂಜೆಯಲ್ಲಿ ಪಾಪ, ಆ ಮನೆಯವರ ಪಾಡು ಕೇಳಬೇಡಿ. ಆದರೂ ಹಳೇ ಇಟ್ಟಿಗೆ ಗೋಡೆ ಒಂದೂವರೆ ಅಡಿ ದಪ್ಪ ಇದ್ದರೆ ಹೊರಗಿನ ಬಿಸಿ ಒಳಕ್ಕೆ ದಾಟಲು ಹತ್ತು ಗಂಟೆಯಾದರೂ ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿಯಾಗಿರುತ್ತದೆ, ಕಿಟಕಿ ತೆರೆದರೆ ತಂಗಾಳಿ.

ಕಿಟಕಿಯ ಮೇಲಿನ ಕಮಾನು ನೋಡಿ. ಇಟ್ಟಿಗೆಯನ್ನು ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ, ಬಗ್ಗಿಸಹೋದರೆ ಪಟ್ಟನೆ ಮುರಿಯುತ್ತದೆ. ಕಮಾನಿನಲ್ಲಿ ಮೇಲಿನ ಭಾರವೆಲ್ಲ ಒತ್ತಡವಾಗಿ ಎರಡೂ ಪಕ್ಕಕ್ಕೆ ಇಳಿಯುತ್ತದೆ. ಹಾಗಾಗಿ ಕಬ್ಬಿಣದ ಸರಳು ಬೇಕಿಲ್ಲ.

ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಯಾವುದು? ನಮ್ಮೂರಲ್ಲಿ ಸಿಮೆಂಟ್ ಕಾರ್ಖಾನೆಯೇ ಇದೆ, ನಿಮ್ಮ ಬಾಯಿಗೆ ಮೊದಲು ಆ ಹೆಸರೇ ಬರುತ್ತದೆ. ಆದರೆ ಅಂದಿನವರು ಬಳಸಿದ್ದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದದ್ದು ಸುಟ್ಟ ಸುಣ್ಣ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ಹತ್ತಿರ ಹೋಗಬಾರದು. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುವುದೂ ಉಂಟು. ಗೋಡೆಗೆ ಸೇರಿದ ಮೇಲೆ ಈ ಗಾರೆ, ಗೂಡಿನಲ್ಲಿ ಬಿಟ್ಟುಕೊಟ್ಟ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ದಪ್ಪ ಗೋಡೆಯಲ್ಲಿ ಇದು ವರ್ಷಗಟ್ಟಲೆ ನಡೆಯುವ ಕೆಲಸ.

ಇದನ್ನು ಶಾಲೆಯಲ್ಲೇ ನೋಡಬಹುದು. ತಿಳಿಯಾದ ಸುಣ್ಣದ ನೀರನ್ನು ಮೇಷ್ಟ್ರಿಂದ ಪಡೆದು, ಅದರೊಳಗೆ ಕೊಳವೆಯಿಂದ ಮೆಲ್ಲಗೆ ಊದಿ. ಊದಬೇಕು, ಹೀರಲೇಬಾರದು! ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಸುಣ್ಣಕಲ್ಲಿನ ಸಣ್ಣ ಸಣ್ಣ ಕಣಗಳು. ನಿಮ್ಮ ಉಸಿರಿನ ಅನಿಲದಿಂದಲೇ ಹುಟ್ಟಿದವು.

ಸಿಮೆಂಟ್ ಹಾಗಲ್ಲ, ನೀರಿನೊಡನೆ ಬೆರೆತು ಬೇಗ ಗಟ್ಟಿಯಾಗುತ್ತದೆ. ಹೊಸ ಮನೆಗೆ ಅದು ಸರಿ. ಹಳೇ ಗೋಡೆ ಉದುರುತ್ತಿದೆ ಎಂದು ಅದಕ್ಕೂ ಸಿಮೆಂಟ್ ಮೆತ್ತುತ್ತಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ನೆಲದಿಂದ ಏರಿದ ತೇವ ಸುಣ್ಣದ ಗಾರೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಕಟ್ಟಿಬಿಡುತ್ತದೆ. ತೇವ ಒಳಗೇ ನಿಂತು, ಅದರಲ್ಲಿನ ಉಪ್ಪು ಹರಳುಗಟ್ಟಿ, ಮೆತ್ತನೆಯ ಹಳೇ ಇಟ್ಟಿಗೆ ಪುಡಿಯಾಗತೊಡಗುತ್ತದೆ. ಮೆತ್ತಿದ್ದು ನಮ್ಮ ಕಡೆಯಾದರೂ ಪುಡಿಯಾಗುವ ಗೋಡೆ ಪಕ್ಕದ ಮನೆಯವರದೂ ಹೌದು.