ಜೋಡಿಯಾಗಿ ಹೋಗಿ ಒಬ್ಬರೇ ಬಂದವರು

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ
ಶುಭಸಂದೇಶ: ಮತ್ತಾಯ 2:13-15, 19-23



ಕ್ರಿಸ್ಮಸ್ ಹಬ್ಬದ ಬೆನ್ನಿಗೇ ಧರ್ಮಸಭೆ ನಮ್ಮನ್ನು ಗೋದಲಿಯಿಂದ ಪವಿತ್ರ ಕುಟುಂಬದ ಮನೆಗೆ ಕರೆದೊಯ್ಯುತ್ತದೆ. ಇಂದಿನ ಶುಭಸಂದೇಶದಲ್ಲಿ ಒಂದು ಪ್ರಯಾಣವಿದೆ. ಸಂತ ಜೋಸೆಫರು ರಾತ್ರೋರಾತ್ರಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೋದರು. ಹೆರೋದನು ಸತ್ತ ಮೇಲೆ ಹಿಂತಿರುಗಿ ನಜರೇತಿನಲ್ಲಿ ನೆಲೆಸಿದರು. ಹೋದವರು ಮೂವರು, ಬಂದವರೂ ಮೂವರು. ಇದನ್ನು ಕೇಳಿ ನಮ್ಮಲ್ಲಿ ಹೆಚ್ಚಿನವರಿಗೆ ಸಮಾಧಾನವಾಗುತ್ತದೆ. ಆದರೆ ಕೆಲವರ ಎದೆ ಚುರುಕ್ಕೆನ್ನುತ್ತದೆ. ಏಕೆಂದರೆ ಅವರು ಜೋಡಿಯಾಗಿ ಹೊರಟು, ಒಬ್ಬರೇ ಮನೆಗೆ ಬಂದವರು.

2004ನೇ ಇಸವಿಯಲ್ಲಿ ಕ್ರಿಸ್ಮಸ್ ಶನಿವಾರ ಬಿದ್ದಿತ್ತು. ಮರುದಿನ ಡಿಸೆಂಬರ್ 26, ಭಾನುವಾರ. ಅಂದೂ ಪವಿತ್ರ ಕುಟುಂಬದ ಹಬ್ಬವೇ, ಅಂದಿನ ಶುಭಸಂದೇಶವೂ ಇದೇ. ಬೆಳಗಿನ ಆರೂವರೆಯ ಹೊತ್ತಿಗೆ ಸುಮಾತ್ರದ ಬಳಿ ಕಡಲ ತಳದಲ್ಲಿ ಭೂಮಿ ನಡುಗಿತು. ಕೆಲವೇ ಗಂಟೆಗಳಲ್ಲಿ ಅಲೆಗಳು ತಮಿಳುನಾಡಿನ ತೀರಕ್ಕೆ ಅಪ್ಪಳಿಸಿದವು. ನಾಗಪಟ್ಟಣ ಜಿಲ್ಲೆಯೊಂದರಲ್ಲೇ ಸುಮಾರು 6,000 ಜನ ತೀರಿಕೊಂಡರು. ನಾನಾ ದೇಶಗಳಲ್ಲಿ ಸತ್ತವರ ಸಂಖ್ಯೆ ಎರಡು ಲಕ್ಷ ದಾಟಿತು. ನಮ್ಮೆಲ್ಲರ ಅಚ್ಚುಮೆಚ್ಚಿನ ವೇಳಾಂಗಣಿ ಇರುವುದು ಅದೇ ಜಿಲ್ಲೆಯಲ್ಲಿ. ಕ್ರಿಸ್ಮಸ್ ರಜೆಯಲ್ಲಿ ಆರೋಗ್ಯಮಾತೆಯ ದರ್ಶನಕ್ಕೆ ಬಂದು, ಕಡಲ ದಂಡೆಯಲ್ಲಿದ್ದ ನೂರಾರು ಯಾತ್ರಿಕರು ಅಲೆಗೆ ಸಿಕ್ಕಿದರು. ಗುರುತು ಸಿಗದ ಅನೇಕರನ್ನು ಅಲ್ಲೇ ಸಾಮೂಹಿಕವಾಗಿ ಮಣ್ಣು ಮಾಡಬೇಕಾಯಿತು.

ನಮ್ಮ ಸೀಮೆಯವರಿಗೆ ಕಡಲೆಂದರೆ ಬೆರಗು. ದಿಬ್ಬೂರಹಳ್ಳಿಯಿಂದ ಹಿಡಿದು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದವರೆಗೂ ವರ್ಷವಿಡೀ ಹರಿಯುವ ಒಂದು ಹೊಳೆಯಿಲ್ಲ. ಸಾವಿರ ಅಡಿ ಕೊಳವೆಬಾವಿ ಕೊರೆಸಿ ನೀರಿಗಾಗಿ ಕಾಯುವವರು ನಾವು. ಹಾಗಾಗಿ ವೇಳಾಂಗಣಿಗೆ ಹೊರಟರೆ ಹರಕೆಯೂ ತೀರಲಿ, ಮಕ್ಕಳು ಸಮುದ್ರವನ್ನೂ ನೋಡಲಿ ಎಂದು ಬಯಸುತ್ತೇವೆ. ಗಂಡ ಪ್ಯಾಂಟು ಮಡಚಿಕೊಂಡು ಮಕ್ಕಳ ಕೈ ಹಿಡಿದು ನೀರಿಗಿಳಿಯುತ್ತಾನೆ. ಹೆಂಡತಿ ಚಪ್ಪಲಿ, ಚೀಲ ಕಾಯುತ್ತಾ ದಡದಲ್ಲಿ ಕೂರುತ್ತಾಳೆ. ಇದರಲ್ಲಿ ಪಾಪವೇನಿದೆ? ಸಂಸಾರ ಸಂತೋಷವಾಗಿರುವುದನ್ನು ಕಂಡು ದೇವರೂ ಸಂತೋಷಪಡುತ್ತಾರೆ.

ಆದರೆ ಸುನಾಮಿಯ ನಂತರ ಒಂದು ಮಾತು ಊರೂರಲ್ಲಿ ಕೇಳಿಬಂತು. ಅಲೆಯ ಹೊಡೆತದಿಂದ ಬೆಸಿಲಿಕಕ್ಕೆ ಹಾನಿಯಾಗಲಿಲ್ಲ, ಒಳಗೆ ಪೂಜೆಯಲ್ಲಿದ್ದವರು ಉಳಿದರು. ಇದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು ಸರಿಯೇ. ಆದರೆ ಕೆಲವರು ಅದಕ್ಕೆ ಬಾಲ ಸೇರಿಸಿದರು: "ಪೂಜೆಗೆ ಹೋದವರನ್ನು ಮಾತೆ ಕಾಪಾಡಿದಳು, ದಂಡೆಗೆ ಹೋದವರು ಹೋದರು." ಗಂಡನನ್ನು ಕಳೆದುಕೊಂಡು ಬಂದ ಹೆಣ್ಣುಮಗಳ ಕಿವಿಗೆ ಈ ಮಾತು ಬಿದ್ದರೆ ಏನಾದೀತು? ಅಲೆ ಅವಳ ಗಂಡನನ್ನು ಒಯ್ದಿತ್ತು. ಈ ಮಾತು ಅವಳ ದೇವರನ್ನೂ ಕಸಿದುಕೊಳ್ಳುತ್ತದೆ.

ಪ್ರಭು ಯೇಸುವೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದು ಪ್ರಭು ಖಂಡಿತವಾಗಿ ಹೇಳಿದರು (ಲೂಕ 13:4-5). ಇಂದಿನ ವಾಚನವನ್ನೇ ನೋಡಿ. ಅದು 15ನೇ ವಚನದಿಂದ ನೇರವಾಗಿ 19ಕ್ಕೆ ಹೋಗುತ್ತದೆ. ನಡುವಣ ಮೂರು ವಚನಗಳಲ್ಲಿ ಹೆರೋದನ ಸೈನಿಕರು ಕೊಂದ ಬೆತ್ಲೆಹೇಮಿನ ಹಸುಗೂಸುಗಳಿವೆ, ಆ ತಾಯಂದಿರ ಗೋಳಿದೆ. ಆ ಮನೆಗಳಿಗೆ ಕನಸಿನಲ್ಲಿ ದೇವದೂತ ಬಂದು ಎಚ್ಚರಿಸಿದ್ದನ್ನು ನಾವು ಓದುವುದಿಲ್ಲ. ಹಾಗೆಂದು ದೇವರು ಅವರನ್ನು ಕಡಿಮೆ ಪ್ರೀತಿಸಿದರೇ? ಇಲ್ಲ. ಧರ್ಮಸಭೆ ಆ ಮಕ್ಕಳನ್ನು ಸಂತರೆಂದು ಡಿಸೆಂಬರ್ 28ರಂದು ಸ್ಮರಿಸುತ್ತದೆ. ಒಬ್ಬರು ಉಳಿದು ಮತ್ತೊಬ್ಬರು ಏಕೆ ಸತ್ತರು ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ತೀರ್ಪು ಕೊಡುವುದು ಬೇಡ. ಪಕ್ಕದಲ್ಲಿ ಕುಳಿತುಕೊಳ್ಳೋಣ, ಅಷ್ಟು ಸಾಕು.

ಪವಿತ್ರ ಬೈಬಲ್ಲಿನಲ್ಲಿ ನವೊಮಿ ಎಂಬ ತಾಯಿಯಿದ್ದಾಳೆ. ಬರಗಾಲದಲ್ಲಿ ಗಂಡ ಮಕ್ಕಳೊಡನೆ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದಳು. ಅಲ್ಲಿ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಅವಳು ಹಿಂತಿರುಗಿದಾಗ ಇವಳೇ ಆ ನವೊಮಿಯೇ ಎಂದು ಊರೇ ಬೆರಗಾಯಿತು. ತನ್ನನ್ನು ಮಾರಾ, ಅಂದರೆ ಕಹಿ, ಎಂದು ಕರೆಯಿರಿ ಎಂದಳು ಆಕೆ. ತುಂಬಿಕೊಂಡು ಹೋಗಿದ್ದ ತನ್ನನ್ನು ದೇವರು ಬರಿಗೈಯಲ್ಲಿ ತಂದರೆಂದು ದೂರಿದಳು. ದೇವರು ಆ ದೂರಿಗೆ ಸಿಟ್ಟಾದರೆಂದು ಗ್ರಂಥದಲ್ಲಿ ಎಲ್ಲೂ ಇಲ್ಲ. ಸೊಸೆ ರೂತಳು ಅತ್ತೆಗೆ ಉಪದೇಶ ಮಾಡಲಿಲ್ಲ. ಜವೆಗೋಧಿಯ ಕೊಯ್ಲಿನಲ್ಲಿ ಹಕ್ಕಲಾಯ್ದು ತಂದು ಉಣಿಸಿದಳು. ಆ ಮನೆಯಲ್ಲಿ ಮುಂದೆ ಹುಟ್ಟಿದ ಓಬೇದನೇ ದಾವೀದ ಅರಸನ ತಾತ. ಆ ವಂಶದಲ್ಲೇ ನಮ್ಮ ಪ್ರಭು ಹುಟ್ಟಿದರು.

ಪ್ರಿಯರೇ, ಹೀಗೆ ಒಬ್ಬರೇ ಹಿಂತಿರುಗಿದ ಮನೆಗೆ ನಾವೇನು ಮಾಡಬಹುದು? ಮೊದಲ ಮೂರು ದಿನ ಎಲ್ಲರೂ ಬರುತ್ತಾರೆ. ಏಳನೆಯ ದಿನದ ಪೂಜೆಗೂ ಬರುತ್ತಾರೆ. ಆಮೇಲೆ? ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳು ಯಾರ ದುಃಖಕ್ಕೂ ಕಾಯುವುದಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು. ಇಬ್ಬರ ಕೈಯ ಕೆಲಸವನ್ನು ಒಬ್ಬಳೇ ಹೇಗೆ ಮಾಡಿಯಾಳು? ಒಂದು ಹೊರೆ ಸೊಪ್ಪು ಕೊಯ್ದು ತಂದು ಹಾಕುವುದೂ ಪ್ರಾರ್ಥನೆಯೇ. ಪೌತಿ ಖಾತೆಗೆ, ವಿಧವಾ ವೇತನಕ್ಕೆ ಕಚೇರಿ ಅಲೆಯುವಾಗ ಕಾಗದ ಪತ್ರ ಬಲ್ಲವರೊಬ್ಬರು ಜೊತೆಗೆ ಹೋಗಬಹುದು. ದೇಹವೇ ಸಿಗದವರ ಪಾಡು ಇನ್ನೂ ಕಷ್ಟ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಸತ್ತರೆಂದು ಭಾವಿಸುವುದು ಕಾನೂನಿನ ಸಾಮಾನ್ಯ ನಿಯಮ. ಅಂಥ ಮನೆಗೆ ಏಳು ವರ್ಷವೂ ನೆರೆಹೊರೆ ಬೇಕು.

ಇನ್ನೊಂದು ಮಾತು. ಮದುವೆಯ ಚಪ್ಪರದಲ್ಲಿ ತಾಳಿ ಮುಟ್ಟಲು, ಆರತಿ ಹಿಡಿಯಲು ಮುತ್ತೈದೆಯರೇ ಬೇಕು ಎಂದು ವಿಧವೆಯನ್ನು ಹಿಂದೆ ಸರಿಸುವ ಪದ್ಧತಿ ಕ್ರೈಸ್ತ ಮನೆಗಳಲ್ಲಿ ಇರಬಾರದು. ಆದಿ ಧರ್ಮಸಭೆಯಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಾಗ ಪ್ರೇಷಿತರು ಏಳು ಮಂದಿಯನ್ನು ಆರಿಸುವಂತೆ ಶಿಷ್ಯರಿಗೆ ಹೇಳಿ, ಆರಿಸಲ್ಪಟ್ಟವರನ್ನು ಆ ಸೇವೆಗೇ ನೇಮಿಸಿದರು (ಪ್ರೇಷಿತರ ಕಾರ್ಯಕಲಾಪಗಳು 6). ಪ್ರಭು ಬೋಧನೆಗೆ ಹೊರಟ ನಂತರ ಜೋಸೆಫರು ನಮಗೆ ಕಾಣಿಸುವುದಿಲ್ಲ. ಅಷ್ಟರಲ್ಲಿ ಮಾತೆ ಮರಿಯಮ್ಮ ವಿಧವೆಯಾಗಿದ್ದರೆಂಬುದು ಧರ್ಮಸಭೆಯ ಪರಂಪರೆ. ವಿಧವೆಯನ್ನು ಅಮಂಗಳ ಎನ್ನುವವರು ಯಾವ ಬಾಯಲ್ಲಿ ಜಪಸರ ಹೇಳುತ್ತಾರೆ? ಹೆಂಡತಿಯನ್ನು ಕಳೆದುಕೊಂಡ ಗಂಡಸನ್ನೂ ಮರೆಯಬೇಡಿ. ಮಗಳಿಗೆ ಜಡೆ ಹಾಕಲು ಬಾರದೆ ಕುಳಿತವನಿಗೆ "ಗಂಡಸಾಗಿ ಅಳುತ್ತೀಯಾ" ಎನ್ನಬೇಡಿ. ಲಾಜರನ ಸಮಾಧಿಯ ಬಳಿ ಪ್ರಭುವೂ ಅತ್ತರು.

ಯಾತ್ರೆಗೆ ಹೋಗುವವರು ಜಾಗ್ರತೆಯಾಗಿಯೂ ಇರಬೇಕು. 2004ರಲ್ಲಿ ಹಿಂದೂ ಮಹಾಸಾಗರಕ್ಕೆ ಮುನ್ನೆಚ್ಚರಿಕೆಯ ವ್ಯವಸ್ಥೆಯಿರಲಿಲ್ಲ. 2007ರಿಂದ ಹೈದರಾಬಾದಿನ ಕೇಂದ್ರ ಆ ಕೆಲಸ ಮಾಡುತ್ತಿದೆ. ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಕಪ್ಪೆಚಿಪ್ಪು ಆರಿಸಲು ಹೋಗದೆ ಎತ್ತರದ ಜಾಗಕ್ಕೆ ಓಡಬೇಕು. ಶಾಂತವಾಗಿ ಕಾಣುವ ದಿನವೂ ಸೆಳೆತವಿರುತ್ತದೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನಮ್ಮ ಹಾಗೆಯೇ ಬಯಲುಸೀಮೆಯ ಮಕ್ಕಳು. ಕೆಂಪು ಬಾವುಟ ಕಂಡರೆ, ಕಾವಲಿನವರು ಬೇಡವೆಂದರೆ ನೀರಿಗಿಳಿಯಬೇಡಿ.

ಶಿಲುಬೆಯ ಮೇಲಿಂದ ಪ್ರಭು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಆ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದ (ಯೊವಾನ್ನ 19:27). ಅಂದು ಪವಿತ್ರ ಕುಟುಂಬ ಮುಗಿದುಹೋಗಲಿಲ್ಲ, ದೊಡ್ಡದಾಯಿತು. ನಮ್ಮ ಧರ್ಮಕೇಂದ್ರವೂ ಅಂಥ ಮನೆಯಾಗಲಿ. ಇಂದು ಪೂಜೆ ಮುಗಿದು ಹೊರಡುವಾಗ, ಒಬ್ಬರೇ ಬಂದವರೊಬ್ಬರನ್ನು ಹಬ್ಬದ ಊಟಕ್ಕೆ ಕರೆದುಕೊಂಡು ಹೋಗೋಣ. ಅವರ ಜೊತೆಗಾರರ ಹೆಸರನ್ನು ಅಂಜದೆ ಎತ್ತೋಣ. ಆ ಹೆಸರು ಕೇಳಬೇಕೆಂದು ಅವರ ಕಿವಿ ಕಾದಿರುತ್ತದೆ.

ಕಡಲಲ್ಲಿ ಮಡಿದವರೆಲ್ಲರಿಗೂ ದಯಾಮಯ ಪಿತನು ನಿತ್ಯ ವಿಶ್ರಾಂತಿಯನ್ನೂ, ಮನೆಯಲ್ಲಿ ಉಳಿದವರಿಗೆ ಬಾಳುವ ಬಲವನ್ನೂ ಅನುಗ್ರಹಿಸಲಿ. ಆರೋಗ್ಯಮಾತೆಯೇ, ನಮಗಾಗಿ ಪ್ರಾರ್ಥಿಸು. ಆಮೆನ್.